ಹನ್ನೆರಡನೇ ಗೆಡ್ಡೆ

ತಾರೀಕು ಒಂಬತ್ತು, ಮಧ್ಯಾಹ್ನ

ಬಾಯಿಗೆ ಬೀಗ ಹಾಕಿಕೊಂಡು ಕೂತ ನನ್ನ ಸೊಸೆಗೆ,

ಗಿಡದ ನರ್ಸರಿಯವಳ ಕೈಲಿ ಮೂರು ಕಾಗದ ಕಳಿಸಿದೆ, ಒಂದಕ್ಕೂ ಉತ್ತರವಿಲ್ಲ. ನನ್ನ ಮಗ ಮುರಿದದ್ದು ನಿನ್ನ ಎಡಗೈ, ನೀನು ಬರೆಯುವುದು ಬಲಗೈಯಲ್ಲಿ. ಮತ್ತೇನು ರೋಗ ನಿನಗೆ? ಬೈಯುವ ಮುಖ ನನಗಿಲ್ಲ, ಗೊತ್ತು. ಆದರೆ ಬೈಯದೆ ಶುರು ಮಾಡಲು ನನಗೆ ಬರುವುದಿಲ್ಲ. ಆ ಮೂರರಲ್ಲೂ ‘ಎಲ್ಲ ಕ್ಷೇಮ’ ಎಂದು ಬರೆದಿದ್ದೆ. ಸುಳ್ಳಿಗೆ ಉತ್ತರ ಕೊಡಲಿಲ್ಲ ಅಂತಾದರೆ ನೀನೇ ಜಾಣೆ. ಮೊಮ್ಮಗಳು ಪಕ್ಕದಲ್ಲಿದ್ದರೆ ಆಡಲು ಕಳಿಸು. ಇದು ಮಗುವಿನ ಕಿವಿಗೆ ಬೀಳುವ ಕಾಗದವಲ್ಲ.

ಬೀಸಣಿಗೆಯಂತೆ ಎಲೆ ಬಿಡುವ ನಿನ್ನ ಹೂವಿನ ಗೆಡ್ಡೆಗಳು ಎಲೆ ಒಣಗಿ ಮಲಗಿದ ಮೇಲೆ ದೊಡ್ಡವು ಹನ್ನೆರಡನ್ನು ಅಗೆದು ಕೊಡಿ ಎಂದು ನರ್ಸರಿಯವಳ ಕೈಲಿ ಹೇಳಿ ಕಳಿಸಿದ್ದೆಯಲ್ಲ, ಹಾಗೇ ಮಾಡಿದೆ. ನೀನು ಹೋದ ಮೇಲೆ ಆ ಮಡಿಗೆ ಒಂದು ತಂಬಿಗೆ ನೀರು ತೋರಿಸಿಲ್ಲ. ನೀನು ಅವನ್ನು ನೆಟ್ಟ ಮೊದಲ ಬೇಸಿಗೆಯಲ್ಲಿ ಎಲೆ ಒಣಗಿತೆಂದು ನಾನು ಕನಿಕರಪಟ್ಟು ನೀರು ಹೊಯ್ದು ಮೂರನ್ನು ಕೊಳೆಸಿದ್ದೆ. ಆಗ ನೀನು, “ಅದು ಸತ್ತಿಲ್ಲ ಅತ್ತೆ, ಮಲಗಿದೆ. ಮಲಗಿದವರ ಬಾಯಿಗೆ ನೀರು ಸುರಿದ್ರೆ ಉಸಿರು ಕಟ್ಟಲ್ವಾ?” ಅಂದಿದ್ದೆ. ಅಡುಗೆಗೆ ಬಾರದ, ತಲೆ ಗಾತ್ರದ ಈರುಳ್ಳಿ ಎಂದು ನಾನು ಊರೆಲ್ಲ ನಗಾಡಿದ್ದೆ. ಬಿರಿದ ನೆಲದಿಂದ, ಒಂದು ಎಲೆಯೂ ಇಲ್ಲದೆ, ಕೆಂಡದುಂಡೆಯಂಥ ಹೂವು ಎದ್ದು ನಿಂತ ದಿನ ಬಾಯಿ ಮುಚ್ಚಿಕೊಂಡೆ.

ಹಾರೆಯಿಂದ ಸುತ್ತ ಮಣ್ಣು ಸಡಿಲಿಸಿ, ಬೇರು ಕಡಿಯದಂತೆ ಎತ್ತಿದೆ. ಸುಟ್ಟ ಕಾಗದದಂಥ ಸಿಪ್ಪೆಯನ್ನು ಮುಟ್ಟಲಿಲ್ಲ. ಪ್ಲಾಸ್ಟಿಕ್ಕಿನಲ್ಲಿ ಬೆವರುತ್ತವೆ ಎಂದಿದ್ದೆಯಲ್ಲ, ಹಳೆಯ ಪೇಪರು ಹಾಸಿ ಪಡಸಾಲೆಯಲ್ಲಿ ಸಾಲಾಗಿ ಇಟ್ಟಿದ್ದೆ. ಗ್ಯಾರೇಜಿನಿಂದ ಅವನು ಆ ದಿನ ಊಟದ ಹೊತ್ತಿಗೇ ಬಂದ. ಹನ್ನೆರಡನ್ನೂ ನೋಡಿದ. ನನ್ನ ಹೊಟ್ಟೆಯಲ್ಲಿ ಹುಟ್ಟಿದವನು ದಡ್ಡನಲ್ಲ, ಅಷ್ಟೇ ದುರದೃಷ್ಟ.

ಯಾರ ಕೈಲಿ ಕಳಿಸುತ್ತಿದ್ದೀಯ ಎಂದು ಕೇಳಿದ. ಅಡುಗೆಗೆ ಎಂದೆ.

“ಹಾಗಾದ್ರೆ ತಿನ್ನು,” ಅಂದ.

ಮೊದಲನೆಯದನ್ನು ಮಚ್ಚಿನಿಂದ ಎರಡು ಹೋಳು ಮಾಡಿ, ಒಂದು ಚೂರು ಕಿತ್ತು, ದವಡೆ ಹಿಡಿದು ನನ್ನ ಬಾಯಿಗೆ ತುರುಕಿದ. ಆ ರಸಕ್ಕೆ ತುಟಿ ಬದನೆಕಾಯಿಯಂತೆ ಊದಿತು. ಆಮೇಲೆ ಒಂದೊಂದನ್ನೇ ಹೊಸ್ತಿಲ ಮೇಲಿಟ್ಟು ಸೀಳಿದ. ಒಂದು ಗೆಡ್ಡೆಗೆ ಒಂದು ಪ್ರಶ್ನೆ, ಅವಳು ಎಲ್ಲಿದ್ದಾಳೆ ಎಂದು. ಒಂದು ಪ್ರಶ್ನೆಗೆ ನನಗೊಂದು ಏಟು. ನಿನ್ನ ವಿಳಾಸ ನನಗೇ ಗೊತ್ತಿಲ್ಲ ಎಂದರೆ ನಂಬಲಿಲ್ಲ. ಐದನೆಯದಕ್ಕೆ ನನ್ನ ಹಲ್ಲು ಹೋಯಿತು. ಇದ್ದದ್ದೇ ನಾಲ್ಕು, ಬಿಡು. ಎಂಟನೆಯದಕ್ಕೆ ಜುಟ್ಟು ಹಿಡಿದು ಗೋಡೆಗೆ ಬಡಿದ. ಅವನು ನಿನ್ನ ಕೂದಲು ಹಿಡಿದಾಗಲೆಲ್ಲ ನಾನು ಅಡುಗೆಮನೆಯಲ್ಲಿ ರೇಡಿಯೋ ಜೋರು ಮಾಡುತ್ತಿದ್ದೆ. ಆ ದಿನ ರೇಡಿಯೋ ಜೋರು ಮಾಡಲು ಮನೆಯಲ್ಲಿ ಯಾರೂ ಇರಲಿಲ್ಲ.

ಹನ್ನೊಂದು ಸೀಳಿ ಹನ್ನೆರಡನೆಯದನ್ನು ಹೊಸ್ತಿಲ ಮೇಲಿಟ್ಟಿದ್ದ. ಅಷ್ಟರಲ್ಲಿ ಗೇಟಿನ ಹತ್ತಿರ ಸ್ಕೂಟರು ನಿಂತಿತು.

“ಅಜ್ಜೀ, ಗೆಡ್ಡೆ ರೆಡಿನಾ?” ಎಂದಳು ನರ್ಸರಿಯವಳು, ಬುಟ್ಟಿ ಹಿಡಿದು ನಗುತ್ತಾ.

ಅವನಿಗೆ ಎಲ್ಲ ಗೊತ್ತಾಯಿತು. ಮಚ್ಚು ಹಿಡಿದೇ ಮೆಟ್ಟಿಲಿಳಿದ. ಹಾರೆ ಗೋಡೆಗೆ ಒರಗಿತ್ತು. ಹಿಂದಿನಿಂದ ಹೋಗಿ ಮೊಣಕಾಲಿಗೆ ಬೀಸಿದೆ. ಒಣ ಸೌದೆ ಮುರಿದಂತೆ ಸದ್ದಾಯಿತು. ಬಿದ್ದವನು “ಅಮ್ಮಾ” ಅಂದ. ಹೆತ್ತ ಕರುಳು, ಎತ್ತಲು ಬಗ್ಗಿದೆ. ಆಗ ಮಚ್ಚು ನನ್ನ ಪಾದದ ಕಡೆ ಹೊರಳಿತು. ಮಣಿಕಟ್ಟಿಗೆ ಇನ್ನೊಂದು ಕೊಟ್ಟೆ. ಮಚ್ಚು ಬಿತ್ತು. ಮೂರನೆಯದು ಬೇಕಿರಲಿಲ್ಲ. ಅದನ್ನೂ ಹೊಡೆದೆ.

ಆಸ್ಪತ್ರೆಯಲ್ಲಿ ತಾನೇ ಮೆಟ್ಟಿಲಿಂದ ಜಾರಿದೆ ಎಂದು ಹೇಳಿಕೊಂಡ. ಎಪ್ಪತ್ತು ದಾಟಿದ ತಾಯಿ ಬಡಿದಳು ಎನ್ನಲು ಮೀಸೆ ಬಿಡಬೇಕಲ್ಲ. ಡಾಕ್ಟರು ಅವನ ಕಾಲು ನೋಡಿ, ನನ್ನ ಬಾಯಿ ನೋಡಿ, ನಿಮ್ಮ ಮನೆಗೆ ಎಷ್ಟು ಮೆಟ್ಟಿಲು ಎಂದು ಕೇಳಿದರು. ಮೂರು ಎಂದೆ.

ಇದಾಗಿ ಐವತ್ತು ದಿನ. ಮುಂದಿನ ತಿಂಗಳು ಅವನ ಪ್ಲಾಸ್ಟರು ಬಿಚ್ಚುತ್ತಾರೆ. ಕಾಲು ನೆಲಕ್ಕೆ ಊರಿದ ದಿನವೇ ಅವನು ನರ್ಸರಿಯವಳ ಬಾಗಿಲಿಗೆ ಹೋಗುತ್ತಾನೆ. ಅವಳು ಅಂಗಡಿಗೆ ಬೀಗ ಹಾಕಿ ತಮ್ಮನ ಮನೆಗೆ ಹೊರಡುವವಳಿದ್ದಾಳೆ. ಅದಕ್ಕೆ ಮುಂಚೆ ಈ ಕಾಗದ ಕೊಟ್ಟು ನಿನ್ನ ಉತ್ತರ ತರುತ್ತಾಳೆ. ನೀನೀಗ ಇರುವ ಮನೆ ಅವಳಿಗೆ ಗೊತ್ತು, ಆ ಮನೆ ಬಿಡು. ಹೊಸ ಮನೆ ಎಲ್ಲಿ ಎಂದು ಅವಳಿಗೂ ಹೇಳಬೇಡ. ಹೇಳದ್ದನ್ನು ಹೊಡೆದು ಬಾಯಿ ಬಿಡಿಸಲಾಗುವುದಿಲ್ಲ. ನನ್ನ ಚಿಂತೆ ಬೇಡ, ಹಾರೆ ನನ್ನ ಮಂಚದ ಕೆಳಗಿದೆ.

ಹನ್ನೆರಡನೆಯ ಗೆಡ್ಡೆಯನ್ನು ಇದರ ಜೊತೆ ಕಳಿಸಿದ್ದೇನೆ, ಗಾಯವಿಲ್ಲ. ಸೀಳಿದ ಹೋಳುಗಳಿಗೆ, ನೀನು ಒಮ್ಮೆ ಮಾಡಿದಂತೆ, ಬೂದಿ ಸವರಿ ಒಣ ಮರಳಿನಲ್ಲಿ ಇಟ್ಟೆ. ಅರ್ಧಕ್ಕರ್ಧ ಕೊಳೆತವು. ಉಳಿದವುಗಳ ಬುಡದಲ್ಲಿ, ಕಡಿದ ಜಾಗದಲ್ಲೇ, ಭತ್ತದ ಕಾಳಿನಷ್ಟು ಮರಿಗಳು ಬಂದಿವೆ. ನೆನ್ನೆ ಎಣಿಸಿದೆ, ಹತ್ತೊಂಬತ್ತು. ಹೂವಾಗಲು ಎಷ್ಟು ವರ್ಷ ಎಂದು ಕೇಳುವುದಿಲ್ಲ. ನೀರಂತೂ ಹಾಕುವುದಿಲ್ಲ.

ಇಂತಿ,
ನಿನ್ನ ಮಗಳ ಅಜ್ಜಿ
(ನಿನ್ನ ಅತ್ತೆ ಎಂದು ಬರೆಯಲು ಕೈ ಬರಲಿಲ್ಲ)

ಮರೆತ ಮಾತು: ಮರೆತದ್ದಲ್ಲ, ಬರೆಯಲು ಹೆದರಿದ್ದು. ಮೊದಲ ಸಲ ನೀನು ಓಡಿಹೋಗಿ ನಿನ್ನ ಗೆಳತಿಯ ಮನೆಯಲ್ಲಿದ್ದಾಗ, ಒಂಬತ್ತನೇ ದಿನಕ್ಕೆ ಅವನು ಬಂದು ಎಳೆದು ತಂದು ಕೈ ಮುರಿದನಲ್ಲ, ಗೆಳತಿಯೇ ಹೇಳಿಕೊಟ್ಟಳೆಂದು ನೀನು ಅವಳ ಮಾತೇ ಬಿಟ್ಟೆ. ಹೇಳಿದ್ದು ಅವಳಲ್ಲ, ನಾನು. ಅವನು ಹೊಡೆದು ಕೇಳಲಿಲ್ಲ. ಊಟಕ್ಕೆ ಕೂತು, ಅವಳಿಲ್ಲದೆ ಮನೆ ಬಿಕೋ ಅನ್ನುತ್ತೆ ಅಮ್ಮ ಎಂದು ಕಣ್ಣೊರೆಸಿಕೊಂಡ. ಅಷ್ಟಕ್ಕೇ ಹೇಳಿಬಿಟ್ಟೆ. ಏಟು ತಡೆಯಬಲ್ಲೆ, ಅದನ್ನು ತಡೆಯಲಾರೆ. ಹೋಗಿ ಆ ಗೆಳತಿಯ ಹತ್ತಿರ ಮಾತಾಡು. ನಾನು ಅತ್ತು ಕೇಳಿದರೂ ಹೊಸ ಮನೆ ಎಲ್ಲಿ ಎಂದು ನನಗೆ ತಿಳಿಸಬೇಡ. ‘ಮನೆ ಬಿಟ್ಟೆ’ ಎಂದು ಒಂದೇ ಮಾತು, ತಿಂಗಳು ತಿರುಗುವ ಮೊದಲು ಬರೆದು ಕಳಿಸು.