ಹಂದಿ ಮಲಗುತ್ತಿಲ್ಲ

ಬ್ಲ್ಯಾಕ್ ಡ್ರೋವ್, ಈಲಿ ಜೌಗುಸೀಮೆ
ಏಪ್ರಿಲ್ 9, 1862

ನನ್ನ ಮುದ್ದಿನ ಕೆಟುರಾ,

ದೇವರ ದಯೆಯಿಂದ ನಾವಿಬ್ಬರೂ ಕ್ಷೇಮ. ನಿನ್ನ ಕೆಮ್ಮು ಹೇಗಿದೆ? ಲೆಸ್ಟರಿನ ಗಿರಣಿಯ ದೂಳಿನಲ್ಲಿ ಮತ್ತೆ ನಿಂತಾಗ ಬಾಯಿಗೆ ಬಟ್ಟೆ ಕಟ್ಟಿಕೋ. ಸೈಲಸ್ ಮರಿಗೆ ಹಲ್ಲು ಬಂತೆಂದು ಓದಿ ನಿಮ್ಮಪ್ಪ ಬೊಚ್ಚುಬಾಯಿ ತೆರೆದು ನಕ್ಕರು. “ನನ್ನ ಹಲ್ಲನ್ನೇ ಕದ್ದಿದಾನೆ ಕಳ್ಳ” ಎಂದರು.

“ಮತ್ತೆ ಗಿರಣಿಗೆ ಹೋಗಬೇಕು, ನೀನು ಅಫೀಮಿನ ಗುಳಿಗೆ ಬಿಟ್ಟರೆ ಮಾತ್ರ ಮಗುವನ್ನು ನಿನ್ನ ಹತ್ತಿರ ಬಿಡುತ್ತೇನೆ” ಎಂದು ಬರೆದಿದ್ದೆಯಲ್ಲ. ಬಿಟ್ಟೆ ಮಗಳೇ. ಉಳಿದ ಗುಳಿಗೆಗಳನ್ನು ಡಬ್ಬಿ ಸಮೇತ ಪಕ್ಕದ ಮನೆಯ ಡಾರ್ಕಸ್ ಕೈಗೆ ಕೊಟ್ಟು, ನಾನು ಅತ್ತು ಕರೆದರೂ ಕೊಡಬೇಡ ಎಂದೆ. “ಚಳಿಜ್ವರದ ಸೀಮೇಲಿ ಹುಟ್ಟಿ ಗುಳಿಗೆ ಬೇಡ ಅಂತೀಯಲ್ಲೇ, ಬಾತುಕೋಳಿ ನೀರು ಬಿಟ್ಟಂಗಾಯ್ತು” ಎಂದು ನಕ್ಕಳು. ಇಲ್ಲಿ ಬಿಡುವುದು ಸುಲಭವಲ್ಲ. ಸಂತೆಯ ದಿನ ಅಂಗಡಿಯ ಕಟ್ಟೆಯ ಮೇಲೆ ಕಾಸಿಟ್ಟರೆ ಸಾಕು, ಬಾಯಿ ತೆರೆಯುವ ಮೊದಲೇ ಪೊಟ್ಟಣ ಕೈಗೆ ಬರುತ್ತದೆ. ಹೊಸ ಬೋಧಕರು ಚಾಪೆಲಿನಲ್ಲಿ ನಮ್ಮೆಲ್ಲರಿಂದ ಬಿಯರ್ ಮುಟ್ಟುವುದಿಲ್ಲವೆಂದು ಮಾತು ತೆಗೆದುಕೊಂಡರು. ಗುಳಿಗೆ ಮುಟ್ಟಬಹುದೇ ಎಂದು ಕೇಳಿದೆ. “ಅದು ಔಷಧಿ ಅಲ್ವಾ ತಾಯಿ” ಎಂದರು. ಕಳೆದ ವಾರ ಜ್ವರ ಬಂದಾಗ ಅವರೇ ಗುಳಿಗೆ ಕೇಳಿಕೊಂಡು ಡಾರ್ಕಸ್ ಬಾಗಿಲಿಗೆ ಬಂದು ನಿಂತಿದ್ದರು. ಮೊದಮೊದಲು ನನಗೆ ಮೂಳೆಯೊಳಗೆಲ್ಲ ಇರುವೆ ಹರಿದಂತಾಗುತ್ತಿತ್ತು. ಕೀರ್ತನೆ ಹೇಳಿಕೊಂಡು ಕೂತೆ. ಈಗ ಪರವಾಗಿಲ್ಲ. ತೊಟ್ಟಿಲನ್ನು ಬಿಸಿಲಿಗೆ ಹಾಕಿದ್ದೇನೆ. ಗುರುವಾರ ಮಗುವನ್ನು ಕರೆದುಕೊಂಡು ಬಾ.

ಹಂದಿಯದೊಂದೇ ಕಾಟ. ಅದು ಸುಮ್ಮನೆ ಮಲಗಿ ಕೊಬ್ಬಲಿ ಎಂದು, ಇಲ್ಲಿ ಎಲ್ಲರೂ ಮಾಡುವಂತೆ, ನಿಮ್ಮಪ್ಪ ದಿನವೂ ಗಸಗಸೆ ಕಾಯಿ ಬೇಯಿಸಿದ ನೀರು ಇಳಿಸಿಡುತ್ತಾರೆ. ಅದನ್ನು ಹಂದಿಯ ಮೇವಿನ ಬಾನಿಗೆ ಸುರಿಯುವುದು ನನ್ನ ಕೆಲಸ. ಆದರೂ ವಾರದಿಂದ ಅದು ಮಲಗುತ್ತಿಲ್ಲ. ಗೋಡೆಗೆ ತಲೆ ಚಚ್ಚಿಕೊಂಡು ಕಿರುಚುತ್ತದೆ. “ಸುವಾರ್ತೆಯಲ್ಲಿ ಕರ್ತನು ಹಂದಿಗಳೊಳಗೆ ಓಡಿಸಿದ ದೆವ್ವ ಇದಕ್ಕೂ ಹೊಕ್ಕಿದೆ ಕಣೇ” ಎನ್ನುತ್ತಾರೆ ನಿಮ್ಮಪ್ಪ. ಇದನ್ನು ಬರೆಯುವಾಗಲೂ ಅದರ ಕೂಗು ಕೇಳುತ್ತಿದೆ.

ಕರ್ತನು ನಿನ್ನ ಮನೆಯನ್ನೂ ಮಗುವಿನ ಉಸಿರನ್ನೂ ಕಾಯಲಿ. ನಿನ್ನ ಗಂಡನನ್ನು ಕೇಳಿದೆವೆಂದು ಹೇಳು.

ನಿನ್ನ ಅಮ್ಮ,
ತಬಿತಾ

ಮತ್ತೆ: ಅಂಚೆಯವನು ಬಾಗಿಲಲ್ಲಿ ನಿಂತಿದ್ದಾನೆ. ಹಂದಿಗೆ ಯಾವ ದೆವ್ವವೂ ಹೊಕ್ಕಿಲ್ಲ. ಅಫೀಮೇ ಇರುವ ಅದರ ಗಸಗಸೆ ನೀರನ್ನು ನಾನು ಕುಡಿದು, ಬಾನಿಗೆ ಬಾವಿಯ ನೀರು ಸುರಿಯುತ್ತಿದ್ದೇನೆ. ಅದು ಅಷ್ಟು ಕಿರುಚಿದರೂ ಅದಕ್ಕೆಂದು ಒಂದು ಗುಟುಕು ಉಳಿಸಲು ನನ್ನ ಕೈ ಬರಲಿಲ್ಲ. ಮಗುವನ್ನು ಕರೆತರಬೇಡ. ನಾನೇ ಮತ್ತೆ ಬಾ ಎಂದು ಬರೆದರೂ ಕರೆತರಬೇಡ.