ಗಂಟಿನ ಮೇಲೆ ನಾಲ್ಕು ಬೆರಳು

ಜನವರಿ 12, 1936. ಭಾನುವಾರ

ಬ್ರಹ್ಮನಿಗಿಂತ ನಾನು ಒಂದು ಕೈ ಮೇಲು. ಅವನು ಮಾಡಿದ ಎಲುಬು ಮುರಿಯುತ್ತದೆ. ನಾನು ಎರಕ ಹೊಯ್ದದ್ದು ಮುರಿದ ಚರಿತ್ರೆಯೇ ಇಲ್ಲ. (ನಿನ್ನೆಯ ಎರಡು ಲೆಕ್ಕಕ್ಕಿಲ್ಲ.) ಇವತ್ತು ಪಕ್ಕೆಲುಬು ಆರು. ಅಚ್ಚಿಗೆ ಸೋಪು ಸವರಿ, ಪ್ಲಾಸ್ಟರ್ ಹೊಯ್ದು, ಒಂದು ಬೀಡಿ ಸೇದುವಷ್ಟರಲ್ಲಿ ಗಟ್ಟಿ.

ತಂಗಿ ಮಗಳು ವೆಂಕಟರತ್ನಮ್ಮ ಊಟ ತಂದಳು.

"ಮಾಮ, ಅದೇನೋ ಸಾರು ಅಂದ್ಯಲ್ಲ, ಯಾವ್ ಸಾರು?"

"ಡೈನೋಸಾರು ಕಣಮ್ಮಿ. ಕೋಟಿ ವರ್ಸದ ಹಿಂದಿನ ಹಲ್ಲಿ. ಆಳುದ್ದ. ಎಲ್ಡು ಕಾಲಲ್ಲಿ ಓಡಾಡ್ತಿತ್ತಂತೆ."

"ಎಲುಬಿನ ಸಾರು ಅನ್ನು. ಉಣ್ಣು, ಆರೋಯ್ತದೆ."

ಜನವರಿ 19

ದೊರೆ ಬಂಗಲೆ. ಗಣಿಯ ಇಂಜಿನಿಯರ್ ದೊರೆಗೆ ರಜೆ ಬಂದರೆ ತಿರುಚ್ಚಿ ಕಡೆ ಹೋಗಿ ಕಲ್ಲಾದ ಎಲುಬು ಅಗೆಸುವ ಹುಚ್ಚು. ಮ್ಯೂಜಿಯಮ್ಮಿನಲ್ಲಿ ಪ್ರಾಣಿಯನ್ನು ಇಡಿಯಾಗಿ ನಿಲ್ಲಿಸಬೇಕಂತೆ. ಎಡ ಮೊಣಕಾಲಿನ ಕೆಳಗಿನ ಎಲುಬು ಸಿಕ್ಕಿಲ್ಲ, ಬಲಗಾಲಿನದನ್ನು ನೋಡಿಕೊಂಡು ಮಾಡು ಅಂದರು. ಅವರ ಇಂಗ್ಲಿಷನ್ನು ಬಟ್ಲರ್ ಪೆರುಮಾಳ್ ಬಿಡಿಸಿ ಹೇಳಿದ. ಕೂಲಿ ಕೊನೆಯಲ್ಲಿ ಒಟ್ಟಿಗೆ.

ಪ್ರಾಣಿಯ ಕೆಳಗಿನ ಹಲಗೆಯಲ್ಲಿ ನನ್ನ ಹೆಸರು ಬರೆಸಿ ಎಂದೆ. ದೊರೆ ನಕ್ಕರು.

"ಸೆತ್ತ ಕಾಲೇಜಲ್ಲಿ ಬದುಕಿರೋನ ಹೆಸರು ಯಾಕೆ ಅಣ್ಣೇ?" ಎಂದ ಪೆರುಮಾಳ್. ಅವನ ಬಾಯಲ್ಲಿ ಮ್ಯೂಜಿಯಂ ಎಂದರೆ ಸತ್ತವುಗಳ ಕಾಲೇಜು.

ಹೆಸರು ಬೇಡವೇ? ಇರಲಿ.

ಜನವರಿ 23

ಎಡಗಾಲು ತಯಾರು. ಹೆಸರಿನ ಬದಲು ನನ್ನ ಕಾಲನ್ನೇ ಅದರಲ್ಲಿ ಇಟ್ಟೆ. ಹದಿನಾರನೇ ವಯಸ್ಸಿನಲ್ಲಿ ಬೂದಿಕೋಟೆಯ ಹುಣಸೆ ಮರದಿಂದ ಬಿದ್ದು ಮುರಿದದ್ದು, ತೆಲುಗು ಸೀಮೆಯ ಪುತ್ತೂರಲ್ಲಿ ಎಲುಬಿನ ಕಟ್ಟು ಹಾಕಿಸಿ ಸೊಟ್ಟಗೆ ಕೂಡಿಕೊಂಡದ್ದು. ಪಂಚೆ ಎತ್ತಿ ಮುಟ್ಟಿ ಮುಟ್ಟಿ ತಿದ್ದಿದೆ. ಅದೇ ಗಂಟು, ಅದೇ ಸೊಟ್ಟ. ಉದ್ದವೂ ನನ್ನ ಮೊಣಕಾಲಿನಿಂದ ಪಾದದ ಹರಡಿಗೆ ಸರಿಹೋಯಿತು... ಅದು ಮಾತ್ರ ನಾನು ಮಾಡಿದ್ದಲ್ಲ.

ದೊರೆ ಕೇಳಿದರೆ 'ಪ್ರಾಣಿ ಮರ ಹತ್ತಿತ್ತು' ಎನ್ನುವುದು.

ಮಾರ್ಚ್ 8

ನಿಜವಾದ ಎಡಗಾಲಿನ ಎಲುಬು ಸಿಕ್ಕಿದೆ. ತಿರುಚ್ಚಿಯಿಂದ ಹುಲ್ಲು ತುಂಬಿದ ಪೆಟ್ಟಿಗೆಯಲ್ಲಿ ಬಂತು. ದೊರೆ ಎರಡನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟರು. ಪೆರುಮಾಳ್ ಟ್ರೇ ಹಿಡಿದುಕೊಂಡು ಹಾಗೇ ನಿಂತ.

ಅದರಲ್ಲೂ ಗಂಟು. ಅದೇ ಜಾಗ. ಅದೇ ಸೊಟ್ಟ.

ದೊರೆ ನನ್ನ ಬೆನ್ನು ತಟ್ಟಿದರು. ಆಮೇಲೆ ಗಂಟಿನಿಂದ ನಾಲ್ಕು ಬೆರಳು ಮೇಲೆ ತೋರಿಸಿದರು. ಅಲ್ಲಿ ಇನ್ನೊಂದು ಬಿರುಕು. ನಾನು ಮಾಡಿದ್ದರಲ್ಲಿ ಇಲ್ಲ.

"ಏನಂತೆ ಪೆರುಮಾಳು?"

"ಕೆಳಗಿಂದು ಮುರಿದು ಕೂಡ್ಕೊಂಡಿದೆ. ಇದು ಕೂಡ್ಲಿಲ್ಲ. ಇದು ಮುರಿದ್ಮೇಲೆ ಪ್ರಾಣಿ ಏಳ್ಲೇ ಇಲ್ವಂತೆ ಅಣ್ಣೇ."

ಮಾರ್ಚ್ 9

ನನ್ನ ಕಾಲಿನಲ್ಲಿ, ಗಂಟಿನಿಂದ ನಾಲ್ಕು ಬೆರಳು ಮೇಲೆ, ತಣ್ಣಗೆ. ಒಳಗೆ ಕಲ್ಲು ಇಟ್ಟ ಹಾಗೆ. ಹೆದರಿಕೆ ಏನಿಲ್ಲ. ಸೈಕಲ್ ಬಿಟ್ಟೆ. ಬಾವಿಗೆ ಇಳಿಯುವುದೂ ಬಿಟ್ಟೆ.

ಮಾರ್ಚ್ 15

ಬಿರುಕು ಬಿಟ್ಟದ್ದು ಬೇಡ, ನೋಡುವವರಿಗೆ ನಿನ್ನದೇ ಚೆನ್ನ ಎಂದರು ದೊರೆ. ಗೆದ್ದೆ! ಆದರೂ ಆ ಕಲ್ಲೆಲುಬು ನನಗೆ ಕೊಡಿ ಎಂದೆ. ಕೂಲಿ ಬಿಡುತ್ತೀಯಾ ಎಂದರು, ತಮಾಷೆಗೆ. ಬಿಡುತ್ತೇನೆ ಎಂದೆ.

"ಪೈತ್ಯಾನಾ ಅಣ್ಣೇ ನಿಂಗೆ?" ಎಂದ ಪೆರುಮಾಳ್. ಎರಡು ಸಲ ಕೇಳಿ ಆಮೇಲೆ ಇಂಗ್ಲಿಷಿಗೆ ತಿರುಗಿಸಿದ.

ಹುಚ್ಚಲ್ಲ. ಕೂಡದ ಬಿರುಕನ್ನು ಕೂಡಿಸಿಬಿಟ್ಟರೆ ಆಯಿತು.

ಮಾರ್ಚ್ 18

ಬಂಗಾರಪೇಟೆಯಲ್ಲಿ ರೈಲು ಬದಲಿಸಿ ಪುತ್ತೂರು. ಸಾಲಿನಲ್ಲಿ ಕೈ ಮುರಿದವರು, ಕಾಲು ಮುರಿದವರು. ನನ್ನ ಸರದಿಗೆ ಗೋಣಿಚೀಲ ಬಿಚ್ಚಿದೆ.

"ಇದೇಮಯ್ಯಾ, ರಾಯಿ ಗದಾ!" ಕಟ್ಟು ಕಟ್ಟುವ ಮುದುಕರು ನಕ್ಕರು.

ಕಲ್ಲಾದರೂ ಕಟ್ಟಿ ಸ್ವಾಮಿ ಎಂದೆ. ಬಿರುಕಿನ ಮೇಲೆ ಬೆರಳಾಡಿಸಿದರು. ನಗು ನಿಂತಿತು. ಮೊಟ್ಟೆಯ ಬಿಳಿ, ಬಟ್ಟೆ, ಬಿದಿರು ದಬ್ಬೆ... ಮನುಷ್ಯರಿಗೆ ಕಟ್ಟಿದಂತೆಯೇ ಕಟ್ಟಿದರು. ಕಾಸು ಮುಟ್ಟಲಿಲ್ಲ. ಯಾರ ಕಾಲು ಎಂದು ಮಾತ್ರ ಕೇಳಿದರು.

ನಾನು ಗೋಣಿಚೀಲ ಕಟ್ಟಿದೆ.

ಮಾರ್ಚ್ 20

ಎಲುಬನ್ನು ಅಟ್ಟದ ಮೇಲೆ ಇಟ್ಟೆ, ಯಾರೂ ಎಡವಿ ಮುರಿಯದ ಹಾಗೆ.

"ಮಾಮ, ಅದುಕ್ಕೂ ಗಂಜಿ ಆಕ್ಲಾ?"

"ಇಪ್ಪತ್ತೊಂದ್ ದಿನ ಅಲುಗಾಡಿಸ್ಬಾರ್ದು. ಸುಮ್ಕಿರಮ್ಮಿ."

ನನ್ನ ಕಾಲು ಬೆಚ್ಚಗಾಗಿದೆ. ಯಮನಿಗೂ ಟೋಪಿ ಹಾಕುವವನು ನಾನು.

ಏಪ್ರಿಲ್ 27. ಆಸ್ಪತ್ರೆ

ಪೆನ್ಸಿಲ್ ಪೆರುಮಾಳ್ ಕೊಟ್ಟದ್ದು.

ಕಟ್ಟು ಹಾಕಿಸಿದ ಇಪ್ಪತ್ತನೇ ದಿನ. ಬೆಳಿಗ್ಗೆ ಹನ್ನೊಂದು. ಗೋಡೆಗೆ ಒರಗಿ ಕಾಲು ಚಾಚಿ ಎಲೆಗೆ ಸುಣ್ಣ ಹಚ್ಚುತ್ತಿದ್ದೆ. ಗಣಿಯ ಆಳದಲ್ಲಿ ಬಂಡೆ ಸಿಡಿಯಿತು. ನಮ್ಮ ಲೈನ್ ಮನೆಗಳಿಗೆ ಅದು ಹೊಸದಲ್ಲ. ಪಾತ್ರೆಗಳು ನಡುಗುತ್ತವೆ, ನಿಲ್ಲುತ್ತವೆ. ಈ ಸಲವೂ ಒಂದು ಲೋಟ ಸಹ ಉರುಳಲಿಲ್ಲ. ಅಟ್ಟದಿಂದ ಆ ಎಲುಬೊಂದೇ ನನ್ನ ಕಾಲಿನ ಮೇಲೆ ಬಿತ್ತು.

ಗಂಟಿನಿಂದ ನಾಲ್ಕು ಬೆರಳು ಮೇಲೆ. ಅಳೆದು ಹಾಕಿದ ಹಾಗೆ.

ಎರಡನೇ ವಾರಕ್ಕೆ ಗಾಯ ಕೊಳೆಯಿತು. ಡಾಕ್ಟರು ಕಾಯಲಿಲ್ಲ. ಹೊದಿಕೆ ಈಗ ಒಂದೇ ಪಾದದ ಮೇಲೆ ಎದ್ದಿದೆ.

ವೆಂಕಟರತ್ನಮ್ಮ ಆ ಎಲುಬಿನ ಕಟ್ಟು ಬಿಚ್ಚಿ ನೋಡಿದಳಂತೆ. "ಬಿರುಕು ಎಲ್ಲೈತೆ ಮಾಮ? ಬಿಸಿಲಿಗೆ ಇಡ್ದು ಉಡುಕ್ದೆ. ನುಣ್ಣಗೈತೆ."

ನೋಡಲು ಬಂದವರಿಗೆಲ್ಲ 'ಇಪ್ಪತ್ತು ರೂಪಾಯಿ ಹೋಯಿತು, ಅಷ್ಟೇ' ಎಂದು ಹೇಳಿ ನಗುತ್ತಿದ್ದೇನೆ. ಈ ಡೈರಿಯಲ್ಲಿ ಯಾಕೆ ಸುಳ್ಳು. ಬಿಟ್ಟುಕೊಟ್ಟ ಕೂಲಿ, ರೈಲು ಚಾರ್ಜು ಎಲ್ಲ ಕೂಡಿಸಿದರೆ, ಕಳೆದದ್ದು ರೂಪಾಯಿ ನೂರಾ ಹತ್ತೂ ಕಾಲು.