ಕಾರ್ಡಿನಾಗ ವೈರಸ್ ಐತಿ

ಬಾಲಗಾಂವ, ತಾ. ಜತ್ತ
ರವಿವಾರ, ೧೭ ಜನವರಿ ೨೦೧೦

ಸಾಜಿಯಾಳ ಅಬ್ಬಾ ಅವರಿಗೆ ಆಸ್ಮಾಳ ಸಲಾಮು.

ಹೇಗಿದ್ದೀರಿ? ಏಣಿ ಹತ್ತಿ ಇಳಿದು ಮೊಣಕಾಲು ಹಿಡಿದುಕೊಂಡಿದೆ ಎಂದಿದ್ದಿರಿ, ಈಗ ಹೇಗಿದೆ? ನಿಮ್ಮ ಅಮ್ಮಿ ಎಣ್ಣೆ ಕಾಯಿಸಿ ಬಾಟಲಿಗೆ ತುಂಬಿದ್ದಾರೆ. ಅಸಂಗಿಯ ಇಸಾಕ ರಜೆ ಮುಗಿಸಿ ನಿಮ್ಮಲ್ಲಿಗೆ ವಿಮಾನ ಹತ್ತುತ್ತಾನಂತೆ, ಇವತ್ತು ಮಧ್ಯಾಹ್ನ ಜತ್ತದ ಬಸ್ಸಿಗೆ ಹೋಗುವಾಗ ನಮ್ಮ ಮನೆಗೆ ಬಂದು ಗಂಟು ಒಯ್ಯುತ್ತೇನೆ ಎಂದಿದ್ದಾನೆ. ಶೇಂಗಾ ಚಟ್ನಿ, ಸಜ್ಜಿಯ ಕಟಿರೊಟ್ಟಿ ಎಲ್ಲ ಕಟ್ಟಿಟ್ಟಿದ್ದೇನೆ. ಚಟ್ನಿಯನ್ನು ಕೋಣೆಯವರಿಗೆಲ್ಲ ಹಂಚಿ ಖಾಲಿ ಬಾಟಲಿ ನೋಡುತ್ತ ಕೂಡಬೇಡಿ, ನಿಮ್ಮ ಸ್ವಭಾವ ನನಗೆ ಗೊತ್ತಿದೆ. ಸಾಜಿಯಾ ಚೆನ್ನಾಗಿದ್ದಾಳೆ. ಅಂಗನವಾಡಿಯಲ್ಲಿ ಹೆಸರು ಕೇಳಿದರೆ ನಿಮ್ಮ ಹೆಸರನ್ನೂ ಸೇರಿಸಿ ಓಣಿಗೆಲ್ಲ ಕೇಳುವಂತೆ ಹೇಳುತ್ತಾಳೆ. ವಿಮಾನ ಹೋದರೆ ಈಗಲೂ ಅಂಗಳಕ್ಕೆ ಓಡುತ್ತಾಳೆ.

ಶುಕ್ರವಾರ ಫೋನು ಬರುತ್ತದಲ್ಲ, ಕಾಗದ ಏಕೆ ಎಂದು ನೀವು ಕೇಳಬಹುದು. ಫೋನು ಬಂದರೆ ಅಮ್ಮಿ ಸ್ಪೀಕರಿಗೆ ಹಾಕುತ್ತಾರೆ, ಪಕ್ಕದ ಮನೆಯ ದುಂಡವ್ವನೂ ಬಂದು ಕೂಡುತ್ತಾಳೆ. ನನಗೆ ಹೇಳಬೇಕಾದದ್ದು ಅಷ್ಟು ಜನರ ನಡುವೆ ಹೇಳುವಂಥದ್ದಲ್ಲ. ಬೆಳಗಿನಿಂದ ಬರೆಯಲು ಕೂಡುವುದು, ಏಳುವುದು, ಸುಮ್ಮನೆ ನಮ್ಮ ಮೊಬೈಲ್ ಅಂಗಡಿಯ ಬಾಗಿಲಿಗೆ ಹೋಗಿ ಬರುವುದು, ಇದೇ ಆಗಿದೆ. ಈಗ ಏನಾದರಾಗಲಿ ಎಂದು ಕೂತಿದ್ದೇನೆ.

ಅಂಗಡಿಯ ಲ್ಯಾಪ್‌ಟಾಪು ತುಂಬಿಹೋಗಿತ್ತು. ಹೊಸ ಹಾಡು ಹಾಕಲು ಹೋದರೆ ಜಾಗವಿಲ್ಲ ಎಂದು ಬರುತ್ತಿತ್ತು, ಒಂದೊಂದು ಸಲ ಶುರುವಾಗಲಿಕ್ಕೇ ಅರ್ಧ ತಾಸು. ನಿಮ್ಮ ತಮ್ಮ ಅಮಜದ ವಿಜಾಪುರದಿಂದ ತಂದ ಹೊಸ ಹಾಡಿನ ಡಿವಿಡಿಗಳು ಹಾಗೆಯೇ ಬಿದ್ದಿದ್ದವು. ಸಂತೆಯ ದಿನ ಗಿರಾಕಿಗಳು ಮೆಮರಿ ಕಾರ್ಡು ಹಿಡಿದು ಬಂದು, ಹೊಸದೇನೂ ಇಲ್ಲ ಎಂದು ಎದುರಿನ ಅಂಗಡಿಗೆ ಹೋಗುತ್ತಿದ್ದರು. ಏನು ಅಳಿಸಬೇಕು ಎಂದು ಅಮಜದನನ್ನು ಕೇಳಿದರೆ, "ಭಾಭಿ, ನೀ ಮುಟ್ಟಬ್ಯಾಡ, ನಾನೇ ಮಾಡ್ತೀನಿ" ಎನ್ನುತ್ತಿದ್ದ, ಮಾಡುತ್ತಿರಲಿಲ್ಲ. ಕಡೆಗೆ ಒಂದು ಮಧ್ಯಾಹ್ನ, ಲೋಡ್‌ಶೆಡ್ಡಿಂಗ್ ಮುಗಿದು ಕರೆಂಟು ಬಂದಾಗ, ನಾನೇ ಕೂತೆ. ಒಂದೇ ಹಾಡು ಏಳೆಂಟು ಹೆಸರಿನಲ್ಲಿ ಇತ್ತು, ಅವನ್ನು ತೆಗೆದೆ. ಕಸದ ಬುಟ್ಟಿ ಖಾಲಿ ಮಾಡಿದೆ. ಕನ್ನಡದ ಹಾಡು ತೆಗೆದರೆ ಕುರಿ ಕಾಯುವ ಧನಗರ ಭರಮಣ್ಣ ಕಾಕಾ ಸಿಟ್ಟಾಗುತ್ತಾರೆ, ಮರಾಠಿ ತೆಗೆದರೆ ಕಾಲೇಜಿನ ಹುಡುಗರು, ಕವ್ವಾಲಿ ತೆಗೆದರೆ ನಮ್ಮ ಅಮ್ಮಿಯೇ. ಇಷ್ಟಾದರೂ ಜಾಗ ತುಂಬಿದೆ ಎಂದು ತೋರಿಸುವ ಆ ಕೆಂಪು ಗೆರೆ ಕೆಂಪಾಗಿಯೇ ಉಳಿಯಿತು. ಆಗ ದೊಡ್ಡದು ಯಾವುದು, ಸಣ್ಣದು ಯಾವುದು ಎಂದು ಒಂದೊಂದೇ ತೆರೆದು ನೋಡುತ್ತ ಹೋದೆ. ಎಲ್ಲಕ್ಕಿಂತ ದೊಡ್ಡದು 'ಪ್ರಿಂಟರ್' ಎಂಬ ಫೋಲ್ಡರು. ನಮ್ಮಲ್ಲಿ ಪ್ರಿಂಟರೇ ಇಲ್ಲವಲ್ಲ?

ಅದರಲ್ಲಿ ಏನಿತ್ತು ಎಂದು ನಿಮಗೆ ಗೊತ್ತು. ನನಗೂ ಈಗ ಗೊತ್ತಾಯಿತು, ಹುಡುಗರು ನನ್ನನ್ನು ಕಂಡು "ಅಮಜದಣ್ಣಾ ಇಲ್ಲೇನ್ರಿ?" ಎಂದು ಕೇಳಿ ಹಾಗೆಯೇ ಹಿಂದಕ್ಕೆ ಹೋಗುತ್ತಿದ್ದುದು ಏಕೆ ಎಂದು. ಅಂಗಡಿಯ ಅರ್ಧ ಗಳಿಕೆ ಆ ಹೊಲಸು ವಿಡಿಯೋಗಳಿಂದ ಎಂದೂ ತಿಳಿಯಿತು. ಆದರೂ, ಗಂಡಸರ ವ್ಯಾಪಾರ, ಎಲ್ಲ ಮೊಬೈಲ್ ಅಂಗಡಿಯಲ್ಲೂ ಇರುವುದೇ ಇರಬೇಕು ಎಂದು ನಿಮ್ಮ ಪರವಾಗಿ ನಾನೇ ವಾದ ಮಾಡಿಕೊಂಡೆ. ಎಲ್ಲವನ್ನೂ ಒಟ್ಟಿಗೆ ಅಳಿಸಿಬಿಡೋಣ ಎಂದು ಕೈ ಇಟ್ಟೆ. ಅಷ್ಟರಲ್ಲಿ ಆ ಸಣ್ಣ ಸಣ್ಣ ಚಿತ್ರಗಳ ನಡುವೆ ನಮ್ಮ ಕಡೆಯ ಕರಿಕಲ್ಲಿನ ಗೋಡೆ, ಬೇವಿನ ಗಿಡ, ನೀಲಿ ಪೈಪು ಕಂಡವು. ತೆರೆದೆ. ಹೊಲದ ಗುಡಿಸಲ ಹಿಂದೆ ಸ್ನಾನ ಮುಗಿಸಿ ಬಟ್ಟೆ ಬದಲಿಸುತ್ತಿದ್ದ ಹುಡುಗಿ. ಯಾರೋ ಮರೆಯಲ್ಲಿ ನಿಂತು ತೆಗೆದದ್ದು. ಅವಳಿಗೆ ಏನೂ ಗೊತ್ತಿಲ್ಲ, ಕೂದಲು ಹಿಂಡುತ್ತ ತನ್ನಷ್ಟಕ್ಕೆ ಏನೋ ಗುನುಗುತ್ತಿದ್ದಾಳೆ. ಮುಖ ಇತ್ತ ತಿರುಗಿತು. ನಾನು ತಟ್ಟನೆ ಮುಚ್ಚಿಬಿಟ್ಟೆ.

ಹೆಸರು ಬರೆಯುವುದಿಲ್ಲ, ಕಾಗದ ಯಾರ ಕೈಗೂ ಸಿಗಬಹುದು. ಸನಮಡಿಯವಳು. ಜತ್ತದ ಕಾಲೇಜಿನಲ್ಲಿ ಬಿ.ಎ. ಕೊನೆಯ ವರ್ಷ. ನಮ್ಮಲ್ಲಿಗೆ ರೀಚಾರ್ಜಿಗೆ ಬಂದಾಗ ಸಾಜಿಯಾಗೆ ಮರಾಠಿ ಪದ್ಯ ಹೇಳಿಕೊಡುತ್ತಿದ್ದಳಲ್ಲ, ಅವಳೇ. ದೀಪಾವಳಿಯಿಂದ ಅವಳು ಕಾಲೇಜು ಬಿಟ್ಟಿದ್ದಾಳೆ. ಮದುವೆ ಗೊತ್ತಾಗಿದೆ ಎಂದು ಕೆಲವರು, ಮೈಗೆ ಆರಾಮಿಲ್ಲ ಎಂದು ಕೆಲವರು. ಕಾರಣ ನಮ್ಮ ಮೇಜಿನ ಮೇಲೆ ಇತ್ತು.

ಇಡೀ ಫೋಲ್ಡರನ್ನು ಅಳಿಸಿದೆ. ಕೆಂಪು ಗೆರೆ ನೀಲಿಯಾಯಿತು, ಹೊಸ ಹಾಡುಗಳಿಗೆ ಬೇಕಾದಷ್ಟು ಜಾಗ. ನನಗೆ ಮಾತ್ರ ಕೂತಲ್ಲಿ ಕೂಡಲಾಗಲಿಲ್ಲ. ಇಲ್ಲಿ ಅಳಿಸಿದರೇನು, ಎಷ್ಟು ಕಾರ್ಡುಗಳಿಗೆ ಹೋಗಿದೆಯೋ! ಮರುದಿನ ಬೆಳಿಗ್ಗೆ ಸಾಜಿಯಾಳನ್ನು ಅಂಗನವಾಡಿಗೆ ಬಿಟ್ಟವಳೇ ಟೆಂಪೋ ಹತ್ತಿ ಸನಮಡಿಗೆ ಹೋದೆ. ಅವಳ ಅವ್ವ ಬಾಗಿಲಲ್ಲೇ ತಡೆದಳು. "ಮೊಬೈಲ್ ಅಂಗಡ್ಯಾಗಿಂದ ಬಂದೀ ಏನ? ಇನ್ನೇನ ಉಳದೈತಿ ನೋಡಾಕ?" ಎಂದಳು. ನಾನು ಹಿಂದಿರುಗಲಿಲ್ಲ, ನಿಂತೇ ಇದ್ದೆ. ಒಳಗಿನಿಂದ ಹುಡುಗಿಯೇ ಬಂದಳು. ಎಷ್ಟು ಇಳಿದಿದ್ದಾಳೆ ಎಂದರೆ ನೀವು ಗುರುತಿಸಲಾರಿರಿ. ನಮ್ಮಲ್ಲಿದ್ದದ್ದನ್ನು ಅಳಿಸಿದ್ದೇನೆ ಎಂದೆ. "ಉಳಿದವ್ರ ಕಡೆ ಇದ್ದದ್ದು ಯಾರ ಅಳಸ್ತಾರ ಅಕ್ಕಾ?" ಎಂದು ಕೇಳಿದಳು. ಸಿಟ್ಟಿನಿಂದಲ್ಲ. ನಿಜವಾಗಿಯೂ ನನಗೆ ಗೊತ್ತಿರಬಹುದು ಎಂಬಂತೆ ಕೇಳಿದಳು. ಪೊಲೀಸರ ಹತ್ತಿರ ಹೋಗೋಣವೇ ಎಂದರೆ ಅವಳ ಅಪ್ಪ ಬೇಡವೆಂದ. ಯಾರು ತೆಗೆದರು ಎಂದೇ ಗೊತ್ತಿಲ್ಲದೆ ಯಾರ ಮೇಲೆ ತಕರಾರು ಕೊಡುವುದು, ಮೊದಲು ಹೆಸರು ಹೊರಬೀಳುವುದು ನನ್ನ ಮಗಳದೇ ಎಂದ.

ಟೆಂಪೋದಲ್ಲಿ ಹಿಂದಿರುಗುವಾಗ ದಾರಿಯುದ್ದಕ್ಕೂ ಅವಳ ಮಾತೇ ತಲೆಯಲ್ಲಿ. ಊರ ಕಾರ್ಡುಗಳನ್ನೆಲ್ಲ ನಾನು ಹೇಗೆ ಕೇಳಲಿ? ಆಮೇಲೆ ಹೊಳೆಯಿತು, ನಾನು ಕೇಳಬೇಕಾಗಿಯೇ ಇಲ್ಲ, ಅವರೇ ತಂದು ನನ್ನ ಕೈಯಲ್ಲಿ ಕೊಡುತ್ತಾರೆ! ಅಂದಿನಿಂದ ಯಾರೇ ಕಾರ್ಡು ತರಲಿ, ಯಂತ್ರಕ್ಕೆ ಹಾಕಿ, ಮುಖ ಗಂಭೀರ ಮಾಡಿ, "ಕಾರ್ಡಿನಾಗ ವೈರಸ್ ಐತಿ, ಎಲ್ಲಾ ಅಳಸಬೇಕಾಗ್ತದ. ಇಲ್ಲಾಂದ್ರ ಮೊಬೈಲ್ ಕೆಟ್ಟ ಹೋಗ್ತದ" ಎನ್ನುತ್ತೇನೆ. ಮನೆಯ ಫೋಟೋಗಳಿದ್ದರೆ ಬೇರೆ ತೆಗೆದಿಟ್ಟು, ಕಾರ್ಡು ಫಾರ್ಮ್ಯಾಟ್ ಮಾಡಿ, ಹೊಸ ಹಾಡು ಪುಕ್ಕಟೆ ತುಂಬಿಕೊಡುತ್ತೇನೆ. ಪುಕ್ಕಟೆ ಎಂದ ಮೇಲೆ ಕೇಳಬೇಕೆ? ಉಟಗಿ, ಸಂಖ ಊರುಗಳಿಂದಲೂ ಬರತೊಡಗಿದರು. ಎಷ್ಟು ಕಾರ್ಡುಗಳಲ್ಲಿ ಆ ಹುಡುಗಿ ಸಿಕ್ಕಳು ಎಂದು ಹೇಳಿದರೆ ನೀವು ನಂಬುವುದಿಲ್ಲ. ಪಾಪ, ಭರಮಣ್ಣ ಕಾಕಾನ ಕಾರ್ಡಿನಲ್ಲಿ ಕೂಡ ಇತ್ತು. ಡೊಳ್ಳಿನ ಪದದ ಸಂಗಡ ಯಾರೋ ಸೇರಿಸಿ ತುಂಬಿಕೊಟ್ಟಿದ್ದಾರೆ, ಅವರಿಗೆ ವಿಡಿಯೋ ತೆರೆಯಲೂ ಬರುವುದಿಲ್ಲ.

ಎಲ್ಲರೂ ಸುಮ್ಮನಿರಲಿಲ್ಲ. ಸಂತೆಯ ದಿನ ಒಬ್ಬ ಗಟ್ಟಿಮುಟ್ಟಾದವನು, ಹೆಂಡತಿ ಮಕ್ಕಳುಳ್ಳವನು, ಬಂದು ಮೇಜು ಗುದ್ದಿದ. "ನನ್ನ ಕೇಳಲಾರದ ಎಲ್ಲಾ ಅಳಸೀರಿ, ಹೊಳ್ಳಿ ಹಾಕಿ ಕೊಡ್ರಿ" ಎಂದು ಕೂಗಾಡಿದ. ಜನ ಸೇರಿದರು. ಹೆಂಗಸು ಅಂಗಡಿಯಲ್ಲಿ ಕೂಡುವುದು ಬೇಡ, ಬಾಗಿಲು ಹಾಕು ಎಂದು ನೀವು ಹೋದ ಆರು ತಿಂಗಳಿಂದ ಹೇಳುತ್ತಿದ್ದ ಅಮ್ಮಿ ಒಳಗಿನಿಂದ ಎದ್ದು ಬಂದರು. ಇವತ್ತಿಗೆ ಅಂಗಡಿ ಮುಗಿಯಿತು ಎಂದುಕೊಂಡೆ. ಅಮ್ಮಿ ಅವನ ಎದುರಿಗೆ ನಿಂತು, "ಏನ ಹೋತಪಾ ನಿಂದು? ಏನಿತ್ತು ಅದರಾಗ? ಇಷ್ಟ ಮಂದಿ ಅದಾರ, ಎಲ್ಲಾರಿಗೂ ಕೇಳೂ ಹಂಗ ಹೇಳು, ಹುಡುಕಿ ಕೊಡ್ತಾಳ ನನ್ನ ಸೊಸಿ" ಎಂದರು. ಅವನು ಜನರ ಮುಖ ನೋಡಿದ. ಕಾರ್ಡನ್ನು ಜೇಬಿಗೆ ಹಾಕಿಕೊಂಡು ಹೋದ. ದುಂಡವ್ವ ನಕ್ಕದ್ದು ಬಸ್‌ಸ್ಟ್ಯಾಂಡಿಗೆ ಕೇಳಿರಬೇಕು.

ಅಮ್ಮಿ ಮಾತ್ರ ನಗಲಿಲ್ಲ. ಒಳಗೆ ಕರೆದು, ಖರೇ ಹೇಳು ಎಂದರು. ಹೇಳಿದೆ, ಫೋಲ್ಡರನ್ನೂ ಬಿಡದೆ ಹೇಳಿದೆ. ಈಗ ದಿನಾ ನನ್ನ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂಡುತ್ತಾರೆ. ಗಳಿಕೆ ಬಿದ್ದಿದೆ, ಅದನ್ನು ಮುಚ್ಚಿಡುವುದಿಲ್ಲ. ಅದಕ್ಕೆ ನೀವು ಬೈದರೆ ಬೈಯಿರಿ. ಮೊನ್ನೆ ಸಂಜೆ ಆ ಹುಡುಗಿ ಬಂದಿದ್ದಳು, ಮುಖಕ್ಕೆ ಓಢಣಿ ಸುತ್ತಿಕೊಂಡು, ಅವ್ವನ ಜೊತೆ. ರೀಚಾರ್ಜು ಮಾಡಿಸಿಕೊಂಡಳು. ಕಾಲೇಜಿಗೆ ಹೋಗುವುದಿಲ್ಲವಂತೆ, ಪರೀಕ್ಷೆಗೆ ಮಾತ್ರ ಕೂಡುತ್ತಾಳಂತೆ. ಸಾಜಿಯಾ ಪದ್ಯ ಹೇಳು ಎಂದು ಓಢಣಿ ಎಳೆದಳು. ಅವಳು ಹೇಳಲಿಲ್ಲ, ಆದರೆ ಓಢಣಿಯನ್ನೂ ಬಿಡಿಸಿಕೊಳ್ಳಲಿಲ್ಲ.

ಒಂದು ಮಾತು ಉಳಿದಿದೆ. ಆ ವಿಡಿಯೋವನ್ನು ನಮ್ಮ ಯಂತ್ರಕ್ಕೆ ಹಾಕಿದವನು ಅಮಜದನೇ ಇರಬೇಕು. ನೀವು ಹೋದ ಮೇಲೆ ನನ್ನನ್ನು ಬಿಟ್ಟರೆ ಅದನ್ನು ಮುಟ್ಟುತ್ತಿದ್ದವನು ಅವನೊಬ್ಬನೇ. ಈಗ ನನ್ನ ಮುಖ ನೋಡುವುದಿಲ್ಲ, ಉಣ್ಣಲು ಕರೆದರೆ ಹೊರಗೇ ಉಂಡೆ ಎನ್ನುತ್ತಾನೆ. ನಾನು ಬೈಯಲಿಲ್ಲ. ನಿಮ್ಮ ಮಾತೆಂದರೆ ಅವನಿಗೆ ಹೆದರಿಕೆ, ನೀವೇ ಬುದ್ಧಿ ಹೇಳಬೇಕು.

ಅಲ್ಲಾಹನು ನಿಮ್ಮನ್ನು ಕಾಯಲಿ. ಏಣಿ ಹತ್ತುವಾಗ ಜೋಕೆ. ಅಮ್ಮಿ ಆಶೀರ್ವಾದ ತಿಳಿಸಿದ್ದಾರೆ, ಸಾಜಿಯಾ ಕಾಗದದ ಮೂಲೆಯಲ್ಲಿ ಏನೋ ಗೀಚಿದ್ದಾಳೆ, ಅದು ವಿಮಾನವಂತೆ.

ನಿಮ್ಮ
ಆಸ್ಮಾ

ತಾ.ಕ.: ಇಸಾಕ ಬಂದು ಬಾಗಿಲಲ್ಲಿ ನಿಂತಿದ್ದಾನೆ, ಬಸ್ಸಿನ ಹೊತ್ತಾಗಿದೆ. ಪಾಕೀಟು ಅಂಟಿಸುವಾಗ ಅಮಜದ ಒಳಗೆ ಬಂದ. ನಾನು ಕೇಳುವ ಮೊದಲೇ ಅಮ್ಮಿಯ ಕಾಲು ಹಿಡಿದು ಅತ್ತ. ಹುಡುಗರಿಗೆ ಹಂಚಿದ್ದು ತಾನೇ ಎಂದು ಒಪ್ಪಿಕೊಂಡ. ಆದರೆ ಅದು ಯಂತ್ರಕ್ಕೆ ಬಂದದ್ದು ನಿಮ್ಮ ಮೊಬೈಲಿನಿಂದಂತೆ, ನೀವು ಹೊರಡುವ ವಾರ ನೀವೇ ಹಾಕಿದ್ದಂತೆ. ಅಮಜದನ ಬಗ್ಗೆ ಮೇಲೆ ಬರೆದದ್ದನ್ನು ಹೊಡೆದುಹಾಕಲು ಸಮಯವಿಲ್ಲ, ಹಾಗೆಯೇ ಓದಿಕೊಳ್ಳಿ. ಆ ಮೊಬೈಲು ನಿಮ್ಮ ಹತ್ತಿರವೇ ಇದೆ. ಅದರಲ್ಲಿದ್ದದ್ದನ್ನು ಅಳಿಸಿ. ಅದನ್ನು ನಿಮಗೆ ಕೊಟ್ಟವನು ಯಾರು ಎಂದು ನಿಮ್ಮ ಕೈಯಿಂದಲೇ ಬರೆದು, ಊರಿಗೆ ಬರುವವರ ಕೈಯಲ್ಲಿ ಕಳಿಸಿ. ಆ ಹೆಸರನ್ನು ನಾನು ಸನಮಡಿಗೆ ಒಯ್ದು ಮುಟ್ಟಿಸುತ್ತೇನೆ. ಅಲ್ಲಿಯವರೆಗೆ ಶುಕ್ರವಾರ ಅಮ್ಮಿಯ ಜೊತೆ ಮಾತಾಡಿ, ಸಾಜಿಯಾಳ ಜೊತೆ ಮಾತಾಡಿ. ನನ್ನನ್ನು ಫೋನಿಗೆ ಕರೆಯಬೇಡಿ.